ಆಯುಧಪೂಜೆಯ ದಿನದ ಅಪ್‌ಡೇಟು

ಆಯುಧಪೂಜೆಯ ದಿನ ನಮ್ಮನೆಯಲ್ಲಿ ಕತ್ತಿ, ಹಾರೆ, ಗುದ್ದಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಪಂಪ್‌ಸೆಟ್ಟು, ಅಪ್ಪನ ಬೈಕು ಎಲ್ಲದಕ್ಕೂ ಕುಂಕುಮ, ಹೂವು. 2013ರಿಂದ ಈ ಸಾಲಿಗೆ ಕಂಪ್ಯೂಟರೂ ಸೇರಿಕೊಂಡಿದೆ. ಮಾನಿಟರಿನ ಹಣೆಗೊಂದು ಗಂಧದ ಬೊಟ್ಟು, ಸಿಪಿಯು ಡಬ್ಬಿಯ ಮೇಲೊಂದು ದಾಸವಾಳ. ಅವತ್ತು ಆಯುಧಗಳಿಗೆಲ್ಲ ರಜೆ. ಕತ್ತಿ ಹಿಡಿದು ಯಾರೂ ತೋಟಕ್ಕೆ ಹೋಗುವುದಿಲ್ಲ.

2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂದಿತ್ತು. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದವನು ಮಧ್ಯಾಹ್ನ ಊಟ ಮುಗಿಸಿ ಆ ಕಂಪ್ಯೂಟರಿನ ಮುಂದೆ ಕೂತೆ. "ಇವತ್ತೊಂದಿನ ಅದ್ನ ಮುಟ್ಟಡ ಮಾರಾಯ" ಅಂದಳು ಅಮ್ಮ. "ಮುಟ್ಟೂದಲ್ಲಮ್ಮ, ಅಪ್‌ಡೇಟ್ ಹಾಕ್ತಿ ಅಷ್ಟೆ, ಅದೂ ಒಂಥರಾ ಪೂಜೆನೇ" ಅಂತ ಅತಿಬುದ್ಧಿವಂತಿಕೆಯ ಉತ್ತರ ಕೊಟ್ಟೆ. ಎಂಜಿನಿಯರಿಂಗ್ ಓದಿದ ಮಗ ಅಲ್ವಾ!

ಆ ಉತ್ತರಕ್ಕೆ ನಾನು ತೆತ್ತ ಬೆಲೆಯ ಕಥೆ ಇದು. ಕಥೆ ಅನ್ನುವುದಕ್ಕಿಂತ, ನನ್ನಂತೆ ಊರಲ್ಲಿ ಹಳೇ ಕಂಪ್ಯೂಟರೊಂದನ್ನೂ ಅದರ ಮುಂದೆ ಅಪ್ಪ ಅಮ್ಮನನ್ನೂ ಬಿಟ್ಟು ಬಂದಿರುವ ಎಲ್ಲ ಸಾಫ್ಟ್‌ವೇರಿಗರಿಗೆ ಒಂದು ಮಾತು.

ಮೊದಲು ಆ ಕಂಪ್ಯೂಟರಿನ ಜಾತಕ ಹೇಳಿಬಿಡ್ತೀನಿ. ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ, 2013ರಲ್ಲಿ, ಅಡಿಕೆ ಮಾರಿದ ದುಡ್ಡಲ್ಲಿ ಅಪ್ಪ ಸಾಗರದ ಅಂಗಡಿಯೊಂದರಲ್ಲಿ ಜೋಡಿಸಿ ತಂದಿದ್ದು. ಇಂಟೆಲ್‌ನ ಮೂರನೇ ತಲೆಮಾರಿನ ಐ3 ಪ್ರೊಸೆಸರು, 4 ಜಿಬಿ ರ‍್ಯಾಮು, 500 ಜಿಬಿಯ ತಿರುಗುವ ಹಾರ್ಡ್‌ಡಿಸ್ಕು. ಆ ಕಾಲದ ರೂಢಿಯಂತೆ ಡಿಸ್ಕನ್ನು ಸಿ, ಡಿ, ಇ ಅಂತ ಮೂರು ಪಾಲು ಮಾಡಿ ಕೊಟ್ಟಿದ್ದರು. ಸಿ ಪಾಲಿಗೆ ಬಂದಿದ್ದು 80 ಜಿಬಿ ಮಾತ್ರ. ಮೊದಲು ವಿಂಡೋಸ್ 7 ಇತ್ತು. 2016ರ ಜೂನಿನಲ್ಲಿ, ಪುಕ್ಕಟೆ ಅಪ್‌ಗ್ರೇಡ್ ಇನ್ನೇನು ಮುಗಿಯುತ್ತದೆ ಅನ್ನುವಾಗ, ಮೊದಲ ವರ್ಷದ ಎಂಜಿನಿಯರಿಂಗ್ ರಜೆಯಲ್ಲಿ ನಾನೇ ವಿಂಡೋಸ್ 10 ಹಾಕಿದೆ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೂ ಆಯಿತು.

2019ರಲ್ಲಿ ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುಂಚಿನ ವಾರ ಅಪ್ಪನದೊಂದು ದೂರು: "ಇದು ಶುರು ಆಪ್ಲೆ ಅರ್ಧ ತಾಸು ಬೇಕಾತು." ನೋಡಿದರೆ ಹಿನ್ನೆಲೆಯಲ್ಲಿ ಅಪ್‌ಡೇಟ್ ನಡೀತಾ ಇದೆ, ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕು ನೂರಕ್ಕೆ ನೂರು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಅಪ್‌ಡೇಟ್ ಅಂದರೆ ಸಾವಿರಾರು ಸಣ್ಣ ಸಣ್ಣ ಫೈಲುಗಳನ್ನು ಬಿಚ್ಚುವುದು, ಹಳೆಯದರ ಜತೆ ಹೋಲಿಸುವುದು, ಬದಲಿಸುವುದು, ಏನಾದರೂ ತಪ್ಪಿದರೆ ಹಿಂದಕ್ಕೆ ಹೋಗಲಿಕ್ಕೆ ಅಂತ ಹಳೆಯದನ್ನೂ ಒಂದು ಕಡೆ ಎತ್ತಿಡುವುದು. ತಿರುಗುವ ಡಿಸ್ಕಿನಲ್ಲಿ ಒಂದು ಮುಳ್ಳು ಆ ಕಡೆ ಈ ಕಡೆ ಓಡಾಡಿಯೇ ಇದನ್ನೆಲ್ಲ ಮಾಡಬೇಕು. ಚದುರಿದ ಜಾಗಗಳಿಂದ ಓದುವಾಗ ಅದು ಸೆಕೆಂಡಿಗೆ ನೂರರ ಆಸುಪಾಸು ಸಲ ಓಡಾಡಬಲ್ಲದು, ಅಷ್ಟೆ. ಎಸ್‌ಎಸ್‌ಡಿಯಲ್ಲಿ ಮುಳ್ಳೂ ಇಲ್ಲ, ತಿರುಗಣಿಯೂ ಇಲ್ಲ. ಹಾಗಾಗಿ ಅದು ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಅಂದರೆ ನಮ್ಮ ಕಂಪ್ಯೂಟರಿಗೆ ಬೇಕಾಗಿದ್ದ ಮದ್ದು ಒಂದು ಹೊಸ ಡಿಸ್ಕು.

ನಾನು ಕೊಟ್ಟ ಮದ್ದು ಬೇರೆ. ಸರ್ವೀಸುಗಳ ಪಟ್ಟಿಗೆ ಹೋಗಿ ಅಪ್‌ಡೇಟ್ ಸೇವೆಯನ್ನೇ ಬಂದ್ ಮಾಡಿದೆ. ಅದು ಮತ್ತೆ ಎದ್ದು ಕೂತರೂ ಏನೂ ಇಳಿಸಿಕೊಳ್ಳದಿರಲಿ ಅಂತ ಇಂಟರ್‌ನೆಟ್ಟನ್ನು 'ಅಳತೆಯ ಸಂಪರ್ಕ' ಅಂತ ಗುರುತು ಹಾಕಿದೆ. ಎರಡೇ ನಿಮಿಷದ ಕೆಲಸ. ಕಂಪ್ಯೂಟರು ಹಕ್ಕಿಯಂತೆ ಹಗುರಾಯಿತು. ಅಪ್ಪನಿಗೆ ಖುಷಿ. "ನಮ್ಮನೆ ಮಾಣಿ ಸರಿ ಮಾಡಿಕೊಟ್ಟ" ಅಂತ ಸೊಸೈಟಿಯಲ್ಲಿ ಹೇಳಿಕೊಂಡರಂತೆ. ಪಕ್ಕದ ಮನೆಯವರೂ ಕರೆದರು, ಅಲ್ಲೂ ಇದೇ ಕೈಚಳಕ ತೋರಿಸಿದೆ. ಆಮೇಲೆ ಮತ್ತೆರಡು ಮನೆ.

ನಗಬೇಡಿ. ನೀವೂ ಮಾಡಿದ್ದೀರಿ. ಮಾಡದಿದ್ದರೆ, ಮಾಡು ಅಂತ ಫೋನಿನಲ್ಲಾದರೂ ಹೇಳಿಕೊಟ್ಟಿದ್ದೀರಿ.

ಆರು ವರ್ಷ ಕಳೆಯಿತು. 2025ರ ಸೆಪ್ಟೆಂಬರಿನಲ್ಲಿ ಎಲ್ಲಿ ನೋಡಿದರೂ ಒಂದೇ ಸುದ್ದಿ: ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ. ಇನ್ನು ಮುಂದೆ ತಿಂಗಳ ಭದ್ರತಾ ತೇಪೆಗಳು ಬರುವುದಿಲ್ಲ. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಎನ್ನುವ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಇರಬೇಕು. ಮೂರನೇ ತಲೆಮಾರಿನದಕ್ಕೆ ಬಾಗಿಲು ಹಾಕಿದೆ. ಹಳಬರಿಗಾಗಿ ಒಂದು ವರ್ಷದ ವಿಸ್ತರಣೆಯನ್ನು, 2026ರ ಅಕ್ಟೋಬರ್ 13ರವರೆಗೆ, ಮೈಕ್ರೋಸಾಫ್ಟ್ ಪ್ರಕಟಿಸಿತ್ತು. 30 ಡಾಲರ್ ಕೊಡಬಹುದು, ಇಲ್ಲವೇ ಅವರ ಖಾತೆ ತೆರೆದು ಸೆಟ್ಟಿಂಗುಗಳನ್ನು ಅದಕ್ಕೆ ಜೋಡಿಸಿದರೆ ಬಿಟ್ಟಿ. ಆದರೆ ಒಂದು ಷರತ್ತು: ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು.

ಸರಿ, ಅಪ್ಪನ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಇದೆ ಅಂತ ಪೂಜೆಯ ದಿನ ನೋಡಿದೆ. 1809. ಅದು 2018ರ ಕೊನೆಗೆ ಬಂದಿದ್ದು. ಮನೆಬಳಕೆಯವರಿಗೆ ಅದರ ಬೆಂಬಲ 2020ರ ನವೆಂಬರ್ 10ಕ್ಕೇ ಮುಗಿದಿತ್ತು!

ಊರೆಲ್ಲ ಅಕ್ಟೋಬರ್ 14ರ ಬಗ್ಗೆ ತಲೆ ಕೆಡಿಸಿಕೊಂಡಿದ್ದಾಗ, ನಮ್ಮಪ್ಪ ಐದು ವರ್ಷದಿಂದ ಬಾಗಿಲೇ ಇಲ್ಲದ ಮನೆಯಲ್ಲಿ ಕೂತು ನೆಟ್‌ಬ್ಯಾಂಕಿಂಗ್ ಮಾಡುತ್ತಿದ್ದರು. ಬಾಗಿಲು ಕಿತ್ತುಕೊಂಡು ಹೋಗಿದ್ದು ಯಾವ ಕಳ್ಳನೂ ಅಲ್ಲ, ಮನೆ ಮಗ.

ಮೈ ಚುರ್ ಅಂತು. ಈ ಚುರುಕಿನಲ್ಲೇ ಎರಡನೇ ತಪ್ಪು ಮಾಡಿದೆ: ಈಗಲೇ, ಇವತ್ತೇ ಹಾಕಿಬಿಡೋಣ ಅಂತ ಹೊರಟೆ. ಸಿ ಡ್ರೈವಿನಲ್ಲಿ 11 ಜಿಬಿ ಮಾತ್ರ ಜಾಗ ಇತ್ತು. ಅದೂ ಇದೂ ಅಳಿಸಿ, ಬೇಡದ ತಂತ್ರಾಂಶ ಕಿತ್ತು, ಹೇಗೋ ಮೂವತ್ತು ಮಾಡಿದೆ. ಈಗ ಮನೆಗೆ ಫೈಬರ್ ಬಂದಿದೆ, ಇಳಿಸುವುದೇನೂ ಕಷ್ಟವಾಗಲಿಲ್ಲ. ಮೂರೂವರೆಗೆ ಶುರುವಾಯಿತು. ಐದೂವರೆಗೆ ತಾನೇ ರೀಸ್ಟಾರ್ಟ್ ಆಗಿ, ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕೆಗಳ ಚಕ್ರ ತಿರುಗತೊಡಗಿತು. 12... 18... 27...

ಮಲೆನಾಡಿನಲ್ಲಿ ಅಕ್ಟೋಬರ್ ಮೊದಲ ವಾರದ ಸಂಜೆ ಹೇಗಿರುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಮುಂಗಾರು ಹೋಗುವಾಗ ಗುಡುಗಿಯೇ ಹೋಗುವುದು. ಆರು ಗಂಟೆಗೆ ಗುಡ್ಡದ ಆಚೆ ಒಂದು ಸಿಡಿಲು, ಕರೆಂಟು ಢಮಾರ್. ಯುಪಿಎಸ್ ಇತ್ತು. ಅದರ ಬ್ಯಾಟರಿ ಸತ್ತು ಮೂರು ವರ್ಷವಾಗಿತ್ತು, ಸುಮ್ಮನೆ ಸ್ಟೂಲಿನ ಹಾಗೆ ಕೂತಿತ್ತು. ಇದೂ ನನಗೆ ಗೊತ್ತಿತ್ತು. ಹೋದ ಸಲ ಬಂದಾಗಲೇ ಅಪ್ಪ ಹೇಳಿದ್ದರು, "ನೋಡನ" ಅಂದಿದ್ದೆ.

ಎಂಟಕ್ಕೆ ಕರೆಂಟು ಬಂತು. ವ್ಯವಸ್ಥೆ ತನ್ನ ಕೆಲಸವನ್ನು ತಾನು ಸರಿಯಾಗಿಯೇ ಮಾಡಿತು. ಅಪ್‌ಡೇಟ್ ಅರ್ಧಕ್ಕೆ ನಿಂತಿದೆ ಅಂತ ಗುರುತಿಸಿ ಹಿಂದಿನ ಸ್ಥಿತಿಗೆ ಮರಳಲು ಶುರು ಮಾಡಿತು. ಆದರೆ ಹಿಂದಕ್ಕೆ ಹೋಗಲು ಡಿಸ್ಕಿನಲ್ಲಿ ದಾರಿ ಇರಬೇಕಲ್ಲ? ಡಬ್ಬಿಯೊಳಗಿಂದ ಟಕ್... ಟಕ್... ಅಂತ ಸದ್ದು. ಹನ್ನೆರಡು ವರ್ಷ ತಿರುಗಿದ ಡಿಸ್ಕು, ಮಧ್ಯೆ ಎಷ್ಟೋ ಜಾಗ ಸವೆದು ಹೋಗಿತ್ತು. ಪ್ರತಿ ಹಾರ್ಡ್‌ಡಿಸ್ಕೂ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದಿಟ್ಟುಕೊಳ್ಳುತ್ತದೆ. ಎಷ್ಟು ಜಾಗ ಕೆಟ್ಟಿದೆ, ಎಷ್ಟನ್ನು ಬದಲಿ ಜಾಗಕ್ಕೆ ಸಾಗಿಸಿದ್ದಾಗಿದೆ ಎಲ್ಲವೂ ಅದರಲ್ಲಿರುತ್ತದೆ. ಅದನ್ನು ಓದಲು ಪುಕ್ಕಟೆ ತಂತ್ರಾಂಶಗಳಿವೆ. ಐದು ನಿಮಿಷ ಸಾಕು. ನಾನು ಓದಿರಲಿಲ್ಲ.

ಒಂಬತ್ತರ ಹೊತ್ತಿಗೆ ಅದೇ ನೀಲಿ ಪರದೆ, ರೀಸ್ಟಾರ್ಟು, ಮತ್ತೆ ನೀಲಿ ಪರದೆ.

ಅಪ್ಪ ಹಿಂದೆ ಬಂದು ನಿಂತಿದ್ದರು. "ಎಂತಾತು?" ಅಂದರು. ನಾನು ಏನೋ ತಾಂತ್ರಿಕ ವಿವರಣೆ ಶುರು ಮಾಡಿದೆ. ಅವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. "ಅಮ್ಮನ ಹಾಡು ಅದ್ರಲ್ಲಿದ್ದು. ಹೋತಾ?" ಅಂದರು.

ನಮ್ಮ ಅಮ್ಮಮ್ಮ, ಅಂದರೆ ಅಪ್ಪನ ಅಮ್ಮ, ಮದುವೆ ಮನೆಯಲ್ಲಿ ಹಾಡು ಹೇಳುವವಳು. ಎಣ್ಣೆ ಶಾಸ್ತ್ರದ ಹಾಡು, ಹಸೆಗೆ ಕರೆಯುವ ಹಾಡು, ಧಾರೆಯ ಹಾಡು, ಹೆಣ್ಣೊಪ್ಪಿಸುವ ಹಾಡು... ಓದು ಬರಹ ಅಷ್ಟಕ್ಕಷ್ಟೆ, ಎಲ್ಲ ಬಾಯಲ್ಲೇ. ಅಪ್ಪ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದಾಗ 'ನುಡಿ'ಯಲ್ಲಿ ಟೈಪು ಮಾಡಲು ಕಲಿತಿದ್ದರು. 2014ರಿಂದ ಮೂರು ವರ್ಷ, ಮಳೆಗಾಲದ ಮಧ್ಯಾಹ್ನಗಳಲ್ಲಿ, ಅಮ್ಮಮ್ಮ ಕುರ್ಚಿಯಲ್ಲಿ ಕೂತು ಹೇಳುವುದು, ಅಪ್ಪ ಎರಡೇ ಬೆರಳಲ್ಲಿ ಕುಟ್ಟುವುದು. 143 ಹಾಡು, ಹನ್ನೊಂದು ಫೈಲು. ಅಮ್ಮಮ್ಮ 2021ರಲ್ಲಿ ತೀರಿಕೊಂಡಳು. ಆ ಹನ್ನೊಂದು ಫೈಲುಗಳು ಡಿ ಡ್ರೈವಿನಲ್ಲೂ ಇರಲಿಲ್ಲ, ಪೆನ್‌ಡ್ರೈವಿನಲ್ಲೂ ಇರಲಿಲ್ಲ. ನಮ್ಮ ಅಪ್ಪ ಅಮ್ಮಂದಿರೆಲ್ಲ ಇಡುವ ಜಾಗದಲ್ಲೇ ಇದ್ದವು: ಡೆಸ್ಕ್‌ಟಾಪಿನ ಮೇಲೆ. ಅಂದರೆ ಸಿ ಡ್ರೈವಿನಲ್ಲಿ.

ಆ ರಾತ್ರಿ ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಅಂದರೆ ಪ್ಲಗ್ಗು ಕಿತ್ತು ಮಲಗಿದ್ದು. ಸಾಯುತ್ತಿರುವ ಡಿಸ್ಕನ್ನು ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಅದು ಬೇಗ ಸಾಯುತ್ತದೆ. ಮಾರನೇ ದಿನ ಅಕ್ಟೋಬರ್ 2. ವಿಜಯದಶಮಿಯೂ ಹೌದು, ಗಾಂಧಿ ಜಯಂತಿಯೂ ಹೌದು. ಅಂಗಡಿ ಬಂದ್. ಇಡೀ ದಿನ ಅಪ್ಪನೂ ನಾನೂ ಎದುರಾಬದುರು ಕೂತು ಊಟ ಮಾಡಿದ್ದು ಬಿಟ್ಟರೆ ಮಾತಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶುಕ್ರವಾರ ಸಾಗರಕ್ಕೆ ಹೋಗಿ ಒಂದು ಹೊರಗಿನ ಡಿಸ್ಕು, ಒಂದು ಪೆನ್‌ಡ್ರೈವು ತಂದೆ. ನನ್ನ ಆಫೀಸಿನ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಲು ಅನುಮತಿಯೇ ಇಲ್ಲ, ಭದ್ರತಾ ನಿಯಮ. ಪಕ್ಕದ ಮನೆಯ ಹುಡುಗನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ ಹಾಕಿ, ಅದರಿಂದ ಅಪ್ಪನ ಕಂಪ್ಯೂಟರನ್ನು ಎಬ್ಬಿಸಿದೆ. ಹಾರ್ಡ್‌ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ನಡೆಯುವ ಉಪಾಯ ಇದು. ಆಮೇಲೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಸಿ ಡ್ರೈವಿನ ಮೇಲೆ ಬಿಟ್ಟೆ. ಅದರ ಕ್ರಮ ನನಗೆ ತುಂಬಾ ಇಷ್ಟ. ಮೊದಲು ಸುಲಭವಾಗಿ ಸಿಗುವ ಜಾಗಗಳನ್ನೆಲ್ಲ ನಕಲು ಮಾಡಿಕೊಂಡುಬಿಡುತ್ತದೆ, ಕೆಟ್ಟ ಜಾಗ ಸಿಕ್ಕರೆ ಅಲ್ಲಿ ಹಟ ಹಿಡಿಯದೆ ಹಾರಿ ಮುಂದೆ ಹೋಗುತ್ತದೆ, ಎಲ್ಲ ಮುಗಿದ ಮೇಲೆ ವಾಪಸು ಬಂದು ಉಳಿದಿದ್ದನ್ನು ಕೆದಕುತ್ತದೆ. 80 ಜಿಬಿಗೆ 19 ಗಂಟೆ ತೆಗೆದುಕೊಂಡಿತು.

ಶನಿವಾರ ಬೆಳಿಗ್ಗೆ ಆ ನಕಲಿನೊಳಗೆ ಹೊಕ್ಕು ನೋಡಿದರೆ ಹನ್ನೊಂದು ಫೈಲುಗಳೂ ಕಂಡವು. ಮೊದಲನೆಯದನ್ನು ತೆರೆದೆ. ಎದೆ ಧಸಕ್ ಅಂತು! ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎಲ್ಲಾ ಕೆಟ್ಟು ಹೋಯ್ತು ಅಂದುಕೊಂಡು ಎರಡು ನಿಮಿಷ ಸುಮ್ಮನೆ ಕೂತಿದ್ದೆ. ಆಮೇಲೆ ಟ್ಯೂಬ್‌ಲೈಟು ಹತ್ತಿತು. ಅಪ್ಪ ಟೈಪು ಮಾಡಿದ್ದು ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ. ಅದರಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದೆ. ಅಮ್ಮಮ್ಮನ ಎಣ್ಣೆ ಶಾಸ್ತ್ರ ಪರದೆಯ ಮೇಲೆ ಮೂಡಿತು. ಅಪ್ಪನನ್ನು ಕೂಗಿದೆ.

ಹತ್ತು ಫೈಲು ಪೂರ್ತಿ ಬಂದವು. ಹನ್ನೊಂದನೆಯದು, 'ಹೆಣ್ಣೊಪ್ಪಿಸುವ ಹಾಡು', ಹೆಸರು ಮಾತ್ರ ಇತ್ತು, ಒಳಗೆಲ್ಲ ಸೊನ್ನೆ. ಡಿಸ್ಕಿನ ಆ ಜಾಗವೇ ಸವೆದಿತ್ತು. ಆರು ಹಾಡು.

ಈಗ ಅಭಿಪ್ರಾಯದ ಮಾತಿಗೆ ಬರ್ತೀನಿ.

ಅಡಿಕೆ ತೋಟದವರಿಗೆ ಕೊಳೆರೋಗ ಗೊತ್ತು. ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ನೀರು, ಹೊಡೆಸಬೇಕು. ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಅದು ರೋಗ ವಾಸಿ ಮಾಡುವ ಔಷಧಿ ಅಲ್ಲ, ಬಾರದಂತೆ ತಡೆಯುವ ಔಷಧಿ. ಕಾಯಿ ಉದುರಲು ಶುರುವಾದ ಮೇಲೆ ಎಷ್ಟು ಹೊಡೆದರೂ ಉದುರಿದ್ದು ಮರಕ್ಕೆ ಹತ್ತುವುದಿಲ್ಲ. ಅಪ್ಪ ಯಾವ ವರ್ಷವೂ ಇದನ್ನು ತಪ್ಪಿಸಿದವರಲ್ಲ. "ಹೋದ ವರ್ಷ ಕೊಳೆ ಬಂದಿಲ್ಲ, ಈ ವರ್ಷ ಔಷಧಿ ಬೇಡ" ಅಂತ ಯಾರಾದರೂ ಅಂದರೆ ನಗುತ್ತಾರೆ. ನಾನು ಅವರ ಕಂಪ್ಯೂಟರಿಗೆ ಆರು ವರ್ಷ ಹೇಳಿದ್ದು ಅದನ್ನೇ.

ಕಂಪ್ಯೂಟರಿನ ಲೋಕದ ಕೊಳೆರೋಗಕ್ಕೆ ಉದಾಹರಣೆ ಬೇಕಾ? 2017ರ ವಾನ್ನಾಕ್ರೈ. ಅದು ವಿಂಡೋಸಿನ ಫೈಲು ಹಂಚಿಕೆಯ ಹಳೇ ವ್ಯವಸ್ಥೆಯ ತೂತೊಂದರಿಂದ ಒಳಬಂದು, ಫೈಲುಗಳಿಗೆಲ್ಲ ಬೀಗ ಹಾಕಿ ಸುಲಿಗೆ ಕೇಳುತ್ತಿತ್ತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸುವಂತಾಯಿತು. ಅದು ಹರಡಲು ಶುರುವಾಗಿದ್ದು ಮೇ 12ಕ್ಕೆ. ಆ ತೂತಿಗೆ ತೇಪೆ ಬಿಡುಗಡೆಯಾಗಿದ್ದು ಮಾರ್ಚ್ 14ಕ್ಕೆ. ನಡುವೆ 59 ದಿನ! ಔಷಧಿ ಅಂಗಡಿಯಲ್ಲಿತ್ತು, ಪುಕ್ಕಟೆ ಇತ್ತು, ಹೊಡೆಸಿರಲಿಲ್ಲ ಅಷ್ಟೆ.

ಇನ್ನೊಂದು ಸೂಕ್ಷ್ಮ ಇದೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ತೇಪೆಗಳನ್ನು ಬಿಡುಗಡೆ ಮಾಡುತ್ತದೆ. ಹಳೇ ಫೈಲನ್ನೂ ಹೊಸ ಫೈಲನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ತೂತು ಎಲ್ಲಿತ್ತು ಅಂತ ಬಲ್ಲವರಿಗೆ ತಿಳಿಯುತ್ತದೆ. ಕಳ್ಳರಿಗೂ ತಿಳಿಯುತ್ತದೆ. ಅಂದರೆ ತೇಪೆ ಹಾಕಿಕೊಳ್ಳದವನ ಮನೆ ಮೊದಲಿನಷ್ಟೇ ಅಪಾಯದಲ್ಲಿ ಇರುವುದಿಲ್ಲ, ಮೊದಲಿಗಿಂತ ಹೆಚ್ಚು ಅಪಾಯಕ್ಕೆ ಸಿಲುಕುತ್ತದೆ. "ಏನೂ ಬದಲಾಯಿಸಿಲ್ಲ, ಹಾಗಾಗಿ ಏನೂ ಆಗಲ್ಲ" ಅನ್ನುವ ತರ್ಕ ಇಲ್ಲಿ ನಡೆಯುವುದಿಲ್ಲ.

ಹಾಗಂತ ಅಪ್‌ಡೇಟಿಗೆ ಹೆದರುವವರೆಲ್ಲ ಪೆದ್ದರು ಅಂತ ನಾನು ಹೇಳ್ತಿಲ್ಲ. ಹೆದರಿಕೆಗೆ ಕಾರಣಗಳಿವೆ. ಈ 1809 ಇದೆಯಲ್ಲ, ಅದು 2018ರ ಅಕ್ಟೋಬರಿನಲ್ಲಿ ಮೊದಲು ಬಂದಾಗ ಕೆಲವು ಬಳಕೆದಾರರ ಸ್ವಂತ ಫೈಲುಗಳು ಅಳಿಸಿ ಹೋಗಿ, ಕೆಲವೇ ದಿನಗಳಲ್ಲಿ ಅದರ ಹಂಚಿಕೆ ನಿಲ್ಲಿಸಬೇಕಾಯಿತು. ಸರಿಪಡಿಸಿ ಮತ್ತೆ ಬಿಟ್ಟಿದ್ದು ನವೆಂಬರಿನಲ್ಲಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ನೆನಪಿರಬಹುದು.

ಹಾಗಾದರೆ ಹಾಕಬೇಕೋ ಬೇಡವೋ? ನನ್ನ ಪ್ರಕಾರ ಈ ಪ್ರಶ್ನೆಯೇ ತಪ್ಪು. ಹಾಕಲೇಬೇಕು. ಕೇಳಬೇಕಾದ್ದು, ಹಾಕುವ ಮೊದಲು ಏನು ಮಾಡಿದ್ದೀರಿ ಅಂತ.

ಆಫೀಸಿನಲ್ಲಿ ನನ್ನ ಕೆಲಸ ಏನು ಗೊತ್ತಾ? ಸರ್ವರುಗಳಿಗೆ ಹೊಸ ಆವೃತ್ತಿ ಹಾಕುವ ತಂಡದಲ್ಲಿದ್ದೇನೆ. (ನಗಿ, ಈಗ ನಗಬಹುದು.) ಅಲ್ಲಿ ಒಂದು ಸಾಲು ಬದಲಿಸುವುದಕ್ಕೂ ಅರ್ಜಿ ಹಾಕಬೇಕು. ಬ್ಯಾಕಪ್ ಆಯಿತಾ? ಆ ಬ್ಯಾಕಪ್ಪನ್ನು ತೆರೆದು ನೋಡಿದ್ದೀರಾ? ಕೆಟ್ಟರೆ ಹಿಂದಕ್ಕೆ ಹೋಗುವ ದಾರಿ ಯಾವುದು? ಯಾವ ಹೊತ್ತಿನಲ್ಲಿ ಹಾಕುತ್ತೀರಿ? ಮೊದಲು ಒಂದು ಸರ್ವರಿಗೆ ಹಾಕಿ ನೋಡಿದ್ದೀರಾ? ಇಷ್ಟೂ ಪ್ರಶ್ನೆಗಳಿಗೆ ಉತ್ತರ ಬರೆದು, ಇಬ್ಬರು ಒಪ್ಪಿದ ಮೇಲೆ ರಾತ್ರಿ ಹನ್ನೊಂದಕ್ಕೆ ಕೆಲಸ ಶುರು. ಯಾರದೋ ಗ್ರಾಹಕರ ಮಾಹಿತಿಗೆ ಇಷ್ಟು ಜೋಪಾನ. ಮನೆಯಲ್ಲಿ, ಜಗತ್ತಿನಲ್ಲಿ ಎರಡನೇ ಪ್ರತಿ ಇಲ್ಲದ ಅಮ್ಮಮ್ಮನ ಹಾಡುಗಳ ಮೇಲೆ ಕೂತು, ನೆಕ್ಸ್ಟ್, ನೆಕ್ಸ್ಟ್, ಎಸ್!

ನಮಗೆ ಗೊತ್ತಿಲ್ಲದೆ ಆಗುವ ತಪ್ಪಲ್ಲ ಇದು. ಗೊತ್ತಿರುವುದನ್ನು ಸಂಬಳ ಸಿಗುವ ಕಡೆ ಮಾತ್ರ ಮಾಡುವ ಚಾಳಿ. ಅಪ್ಪ ಅಮ್ಮಂದಿರ ಕಂಪ್ಯೂಟರು ಅಂದರೆ ನಮಗೆ ಕಿರಿಕಿರಿ. "ಏನೋ ಸ್ಲೋ ಅಂತೆ" ಅಂತ ಮುಖ ಸಿಂಡರಿಸಿಕೊಂಡು ಹತ್ತು ನಿಮಿಷದಲ್ಲಿ ಬಾಯಿ ಮುಚ್ಚಿಸುವ ಪರಿಹಾರ ಕೊಟ್ಟು ಬಸ್ಸು ಹತ್ತುತ್ತೇವೆ. ಅಪ್‌ಡೇಟ್ ಬಂದ್ ಮಾಡುವುದು ಆ ಥರದ ಪರಿಹಾರಗಳ ರಾಜ. ಕಂಪ್ಯೂಟರು ವೇಗವಾಗುತ್ತದೆ, ಅವರು ಹೊಗಳುತ್ತಾರೆ, ಸಾಲ ಮಾತ್ರ ಅವರ ಹೆಸರಲ್ಲಿ ಬೆಳೆಯುತ್ತಾ ಹೋಗುತ್ತದೆ. ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಹಾಕಿಕೊಂಡಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದುದು ಆರು ವರ್ಷದ ಗಂಟಾಗಿ ಒಂದೇ ಸಂಜೆ ಮೈಮೇಲೆ ಬೀಳುತ್ತದೆ. ಆ ಹೊತ್ತಿಗೆ ಡಿಸ್ಕೂ ಮುದಿಯಾಗಿರುತ್ತದೆ, ಬ್ಯಾಟರಿಯೂ ಸತ್ತಿರುತ್ತದೆ.

ಹಾಗಾಗಿ ನನ್ನ ಪೆಟ್ಟಿನಿಂದ ಕಲಿತ ಕ್ರಮ ಇಲ್ಲಿದೆ. ಕ್ರಮ ಮುಖ್ಯ, ಹಿಂದೆ ಮುಂದೆ ಮಾಡಬೇಡಿ.

ಮೊದಲು ನಕಲು. ಡೆಸ್ಕ್‌ಟಾಪು, ಡಾಕ್ಯುಮೆಂಟು, ಫೋಟೋ ಎಲ್ಲ ಹೊರಗಿನ ಡಿಸ್ಕಿಗೆ. ಅದೇ ಕಂಪ್ಯೂಟರಿನ ಡಿ ಡ್ರೈವಿಗೆ ಹಾಕಿದರೆ ನಕಲು ಆಗುವುದಿಲ್ಲ, ಒಂದೇ ಮರದ ಎರಡು ಕೊಂಬೆ ಅದು. ನಕಲು ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ನುಡಿ, ಬರಹದ ಹಳೇ ಆಸ್ಕಿ ಫಾಂಟಿನಲ್ಲಿ ಬರೆದಿದ್ದಿದ್ದರೆ ಯೂನಿಕೋಡಿಗೆ ಬದಲಿಸಿದ ಒಂದು ಪ್ರತಿಯನ್ನೂ ಇಡಿ. ಅದೂ ಮುಂದೂಡಿದ ಅಪ್‌ಡೇಟೇ.

ಎರಡನೆಯದು ಡಿಸ್ಕಿನ ಆರೋಗ್ಯ. ಕೆಟ್ಟ ಜಾಗದ ಲೆಕ್ಕ ಏರುತ್ತಿದ್ದರೆ ಅಪ್‌ಡೇಟಿನ ಮಾತೇ ಬೇಡ, ಮೊದಲು ಡಿಸ್ಕು ಬದಲಿಸಿ. ಆರೋಗ್ಯ ಚೆನ್ನಾಗಿದ್ದರೂ, ತಿರುಗುವ ಡಿಸ್ಕಾದರೆ ಎಸ್‌ಎಸ್‌ಡಿ ಹಾಕಿಸುವುದು ಹಳೇ ಕಂಪ್ಯೂಟರಿಗೆ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ.

ಮೂರನೆಯದು ಕರೆಂಟು. ಯುಪಿಎಸ್ಸಿನ ಬ್ಯಾಟರಿ ಬದಲಿಸಿ. ಗುಡುಗಿನ ಸಂಜೆ ಬೇಡ, ಬೆಳಿಗ್ಗೆ ಶುರು ಮಾಡಿ. ಬಸ್ಸು ಹತ್ತುವ ದಿನವಂತೂ ಬೇಡವೇ ಬೇಡ.

ನಾಲ್ಕನೆಯದಾಗಿ ಅಪ್‌ಡೇಟು. ಅದು ಮುಗಿದ ಮೇಲೆ ಅದನ್ನು ತನ್ನಷ್ಟಕ್ಕೆ ನಡೆಯಲು ಬಿಡಿ, ಮತ್ತೆ ಬಂದ್ ಮಾಡಬೇಡಿ.

ನಾವು ಏನು ಮಾಡಿದೆವು ಅಂತ ಕೇಳ್ತೀರಾ? 240 ಜಿಬಿಯ ಎಸ್‌ಎಸ್‌ಡಿ, ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿಸಿದೆ. ಎರಡರ ಒಟ್ಟು ಖರ್ಚು ನಾನು ಬೆಂಗಳೂರಿನಲ್ಲಿ ಎರಡು ವಾರಾಂತ್ಯದಲ್ಲಿ ತಿಂದು ಕಳೆಯುವಷ್ಟು. ವಿಂಡೋಸ್ 10ನ್ನೇ ಹೊಸದಾಗಿ ಹಾಕಿ ಒಂದು ವರ್ಷ ದೂಡಬಹುದಿತ್ತು. ಆದರೆ ವರ್ಷದ ನಂತರ ಅದೇ ಪಾಡು. ಅಪ್ಪನಿಗೆ ಬೇಕಾಗಿದ್ದು ಬ್ರೌಸರು, ಬ್ಯಾಂಕು, ಕನ್ನಡ ಟೈಪಿಂಗು, ಇಷ್ಟೆ. ಲಿನಕ್ಸ್ ಮಿಂಟ್ 22 ಹಾಕಿದೆ, ಅದಕ್ಕೆ 2029ರವರೆಗೆ ಬೆಂಬಲ ಇದೆ. ಅಪ್ಪನ ಬೆರಳಿಗೆ ರೂಢಿಯಾದ ನುಡಿಯ ಕೆಜಿಪಿ ಕೀಲಿಮಣೆ ವಿನ್ಯಾಸ ಅಲ್ಲೂ ಸಿಗುತ್ತದೆ. ಎರಡು ದಿನ ಗೊಣಗಿದರು, ಮೂರನೇ ದಿನ ಮರೆತರು. ಲಿನಕ್ಸ್ ಹಾಕಿಬಿಟ್ಟರೆ ಅಪ್‌ಡೇಟ್ ಬೇಡ ಅಂತ ಕೆಲವರು ತಿಳಿದಿದ್ದಾರೆ. ಶುದ್ಧ ಸುಳ್ಳು, ಅಲ್ಲೂ ತೂತು ಬೀಳುತ್ತದೆ, ಅಲ್ಲೂ ತೇಪೆ ಬರುತ್ತದೆ. ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ಆ ಗುರಾಣಿಯ ಚಿತ್ರ ಒತ್ತಬೇಕು ಅಂತ ಹೇಳಿಕೊಟ್ಟಿದ್ದೇನೆ. ಅಪ್ಪ ಪಂಚಾಂಗ ನೋಡುವಷ್ಟು ನಿಷ್ಠೆಯಿಂದ ಒತ್ತುತ್ತಾರೆ. ಆಮೇಲೆ ಹಾಡಿನ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಹಾಕಿ ಅದನ್ನು ಅಮ್ಮನ ಸೀರೆ ಕಪಾಟಿನಲ್ಲಿ ಇಡುತ್ತಾರೆ.

2019ರಲ್ಲಿ ಕೈಚಳಕ ತೋರಿಸಿದ್ದ ಪಕ್ಕದ ಮನೆಗೂ, ಮತ್ತೆರಡು ಮನೆಗೂ ದೀಪಾವಳಿಗೆ ಹೋದಾಗ ಹೋಗಿ ಬಂದೆ. ನಕಲು ಮಾಡಿ, ಅಪ್‌ಡೇಟನ್ನು ಮತ್ತೆ ಚಾಲೂ ಮಾಡಿ, "ನಾನು ಅವತ್ತು ಮಾಡಿದ್ದು ತಪ್ಪು" ಅಂತ ಹೇಳಿದೆ. ಒಬ್ಬರಂತೂ "ಹೌದನ, ಚೊಲೋ ಇತ್ತಲ" ಅಂತ ಬೇಜಾರು ಮಾಡಿಕೊಂಡರು.

ಉಳಿದಿದ್ದು ಆ ಆರು ಹಾಡು. ಸಿದ್ದಾಪುರದ ಕಡೆ ಇರುವ ದೊಡ್ಡತ್ತೆಗೆ ಅಪ್ಪ ಫೋನ್ ಹಚ್ಚಿದರು. ಅವಳಿಗೆ ಎಪ್ಪತ್ತೆರಡು. ಮೂರು ಸಂಜೆ ಕೂತು, ನೆನಪು ಮಾಡಿಕೊಂಡು, ನಡುನಡುವೆ ಅತ್ತು, ಐದು ಹಾಡು ಹೇಳಿದಳು. ಅಪ್ಪ ಈ ಸಲ ನೇರ ಯೂನಿಕೋಡಿನಲ್ಲೇ ಕುಟ್ಟಿದರು. ಆರನೆಯದು ಅವಳಿಗೂ ಬರುವುದಿಲ್ಲ. ತೌರಿನ ಕೊಟ್ಟಿಗೆಯ ದನಗಳ ಹೆಸರೆಲ್ಲ ಅದರಲ್ಲಿ ಬರುತ್ತಿತ್ತು ಅನ್ನುವುದಷ್ಟೇ ಅಪ್ಪನಿಗೆ ನೆನಪು. ಫೈಲಿನ ಕೊನೆಯಲ್ಲಿ '6' ಅಂತ ಬರೆದು ಜಾಗ ಬಿಟ್ಟಿದ್ದಾರೆ.

ಸಾಗರ, ಸಿದ್ದಾಪುರ, ಶಿರಸಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಅಮ್ಮಮ್ಮನಿಗೆ ಅಂಥದ್ದೊಂದು ಹಾಡು ಬರುತ್ತದಾ ಕೇಳಿ ನೋಡಿ. ಬಂದರೆ ನನಗೂ ತಿಳಿಸಿ. ಉಳಿದವರು ಈ ಶನಿವಾರ ಮನೆಗೆ ಫೋನು ಮಾಡಿದಾಗ ಊಟ ಆಯ್ತಾ, ಮಳೆ ಬಂತಾ ಅಂತ ಕೇಳಿದ ಮೇಲೆ ಇನ್ನೊಂದೇ ಒಂದು ಪ್ರಶ್ನೆ ಕೇಳಿ: ಆ ಕಂಪ್ಯೂಟರಿನ ಡೆಸ್ಕ್‌ಟಾಪಿನ ಮೇಲೆ ಏನೇನಿದೆ?